ಹುತ್ತರಿಯಿಂದ ಹೂಮಳೆಯವರೆಗೆ: ಮೊದಲ ದೂರದರ್ಶಕದ ಪ್ರಶ್ನೆಗಳು

ಕೊಡಗಿನಿಂದ ಬಂದ ದೂರದರ್ಶಕದ ಪತ್ರಗಳಿಗೇ ಈ ಬಾರಿಯ ಅಂಕಣ ಮೀಸಲು. ಪತ್ರ ಬರೆದವರ ಊರನ್ನಷ್ಟೇ ಕೊಟ್ಟಿದ್ದೇವೆ.

ಎಂಟನೇ ತರಗತಿಯ ಮಗಳಿಗೆ ಟೆಲಿಸ್ಕೋಪ್ ಬೇಕಂತೆ. ಆನ್‌ಲೈನ್‌ನಲ್ಲಿ 60 ಮಿ.ಮೀ.ನದೊಂದು 525 ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು ಹಾಕಿದ್ದಾರೆ. ಇನ್ನೊಂದು 70 ಮಿ.ಮೀ.ನದು 140 ಪಟ್ಟು ಮಾತ್ರ, ಆದರೂ ಬೆಲೆ ದುಪ್ಪಟ್ಟು. 15 ಸಾವಿರದವರೆಗೆ ಹಾಕಬಹುದು. ಯಾವುದು ಕೊಳ್ಳಲಿ? (ನಾಪೋಕ್ಲು)

ಪೆಟ್ಟಿಗೆಯ ಮೇಲೆ 525 ಎಂದು ಬರೆದಿದ್ದಾರಲ್ಲ, ಅದನ್ನು ಬಿಟ್ಟುಬಿಡಲು ಅಷ್ಟೇ ಕಾರಣ ಸಾಕು. ಆ ಸಂಖ್ಯೆ ಹುಟ್ಟುವುದು ಹೀಗೆ: ಕೊಳವೆಯ ಸಂಗಮದೂರ (ಮುಂಬದಿಯ ಮಸೂರದಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರ) 700 ಮಿ.ಮೀ., ಜೊತೆಗೆ ಕೊಡುವ ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಪುಟ್ಟ ಮಸೂರ, 4 ಮಿ.ಮೀ. 700ನ್ನು 4ರಿಂದ ಭಾಗಿಸಿದರೆ 175. ಅದಕ್ಕೆ ವರ್ಧನೆಯನ್ನು 3 ಪಟ್ಟು ಮಾಡುವ ಬಾರ್ಲೋ ಮಸೂರ ತುರುಕಿದರೆ 525. ಗಣಿತದಲ್ಲಿ ತಪ್ಪಿಲ್ಲ. ಆದರೆ ಮುಂದಿನ ಮಸೂರದ ವ್ಯಾಸ ಎಷ್ಟು ಮಿಲಿಮೀಟರೋ ಅದರ ಎರಡು ಪಟ್ಟಿನಷ್ಟು ವರ್ಧನೆ ದಾಟಿದರೆ ಚಿತ್ರ ಬರೀ ಹಿಗ್ಗುತ್ತದೆ, ಹೊಸ ವಿವರ ಬರುವುದಿಲ್ಲ. 60 ಮಿ.ಮೀ.ಗೆ 120, 70ಕ್ಕೆ 140. ದುಬಾರಿಯದರ ಮೇಲೆ 140 ಎಂದು ಬರೆದವರು ನಿಜ ಹೇಳಿದ್ದಾರೆ, ಅಷ್ಟೇ.

70 ಮಿ.ಮೀ. ವ್ಯಾಸ, 700 ಮಿ.ಮೀ. ಸಂಗಮದೂರದ ಮಸೂರದ ದೂರದರ್ಶಕ ನಿಮ್ಮ ಲೆಕ್ಕಕ್ಕೆ ಹೊಂದುತ್ತದೆ. 25 ಮಿ.ಮೀ. ಐಪೀಸ್‌ನಲ್ಲಿ 28 ಪಟ್ಟು, 10 ಮಿ.ಮೀ.ನಲ್ಲಿ 70 ಪಟ್ಟು. ಚಂದ್ರನ ಕುಳಿಗಳು, ಗುರುವಿನ ನಾಲ್ಕು ಚಂದ್ರರು, ಗ್ರಹದ ಮೇಲಿನ ಎರಡು ಕಂದು ಪಟ್ಟೆಗಳು, ಶನಿಯ ಬಳೆ ಎಲ್ಲವೂ ಇಷ್ಟರಲ್ಲೇ ಕಾಣುತ್ತವೆ. ಗೆಲಿಲಿಯೊ 1610ರಲ್ಲಿ ಗುರುವಿನ ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟಿನಲ್ಲಿ.

ಕೊಳ್ಳುವ ಮುನ್ನ ನೋಡಬೇಕಾದ್ದು ಕೊಳವೆಗಿಂತ ಕಾಲುಗಳನ್ನು. ಟ್ರೈಪಾಡ್ ಮೇಲೆ ಕೂರಿಸಿ, 10 ಮಿ.ಮೀ. ಐಪೀಸ್ ಹಾಕಿ, ದೂರದ ಸಿಲ್ವರ್ ಓಕ್ ತುದಿಗೆ ಗುರಿಯಿಟ್ಟು ಕೊಳವೆಯನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ. ನಡುಕ ಎರಡು-ಮೂರು ಸೆಕೆಂಡಿನಲ್ಲಿ ನಿಂತರೆ ಸರಿ. ಹತ್ತು ಸೆಕೆಂಡ್ ಅಲುಗಾಡಿದರೆ ಫೋಕಸ್ ಗುಂಡಿ ಮುಟ್ಟಿದಾಗಲೆಲ್ಲ ಶನಿ ಕುಣಿಯುತ್ತಾನೆ, ಮಗಳು ಎರಡನೇ ರಾತ್ರಿಗೇ ಬೇಸರಪಡುತ್ತಾಳೆ. ಐಪೀಸ್ ಕೂರುವ ಕೊಳವೆಯ ಒಳವ್ಯಾಸವನ್ನೂ ಅಳೆಯಿರಿ. 31.7 ಮಿ.ಮೀ., ಅಂದರೆ ಒಂದೂಕಾಲು ಇಂಚು ಇದ್ದರೆ ಮುಂದೆ ಒಳ್ಳೆಯ ಐಪೀಸ್ ಹಾಕಬಹುದು. 24.5 ಮಿ.ಮೀ. ಇದ್ದರೆ ಅದು ಹಳೆಯ ಅಳತೆ, ಅದಕ್ಕೆ ಹೊಂದುವುದು ಸಿಗುವುದು ಕಷ್ಟ.

ಇನ್ನಷ್ಟು ದಿನ ಕಾದು ಹಣ ಕೂಡಿಸುವುದಾದರೆ 130 ಮಿ.ಮೀ. ಕನ್ನಡಿಯ, ಮೇಜಿನ ಮೇಲಿಡುವ ಡಾಬ್ಸೋನಿಯನ್, ಅಂದರೆ ತಿರುಗುವ ಪೀಠದ ಮೇಲೆ ಕೂರುವ ದೂರದರ್ಶಕ, ನಮ್ಮ ಆಯ್ಕೆ. 70ಕ್ಕಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ, ಟ್ರೈಪಾಡಿನ ಕಾಟವೇ ಇಲ್ಲ. ಒಂದು ಬಗೆಯದನ್ನು ಮಾತ್ರ ತಪ್ಪಿಸಿ: ಸಂಗಮದೂರ 1000 ಮಿ.ಮೀ. ಎಂದು ಬರೆದಿದ್ದು ಕೊಳವೆ ಅದರ ಅರ್ಧದಷ್ಟೇ ಉದ್ದವಿರುವ ಅಗ್ಗದ ಕನ್ನಡಿ ದೂರದರ್ಶಕ. ಫೋಕಸರ್ (ಐಪೀಸ್ ಕೂರುವ, ಹಿಂದೆ ಮುಂದೆ ಸರಿಯುವ ಕೊಳವೆ) ಒಳಗೆ ಅಡಗಿಸಿದ ಮಸೂರವೊಂದು ಸಂಗಮದೂರವನ್ನು ಹಿಗ್ಗಿಸಿರುತ್ತದೆ. ಅದರಲ್ಲಿ ಕನ್ನಡಿಗಳನ್ನು ಸರಿಹೊಂದಿಸುವುದು ಪಳಗಿದವರಿಗೂ ತಲೆನೋವು.

ಹೊಸ 130 ಮಿ.ಮೀ. ದೂರದರ್ಶಕ ಜೋಡಿಸಿ ಮೂರು ರಾತ್ರಿ ಆಯಿತು. ಬರೀ ಕಪ್ಪು. ಒಮ್ಮೆ ಮಾತ್ರ ನಡುವೆ ತೂತಿರುವ ಬೂದು ಬಳೆಯೊಂದು ಕಂಡಿತು. ಕೆಟ್ಟಿದೆಯೇ? (ಮಡಿಕೇರಿ)

ಕೆಟ್ಟಿಲ್ಲ. ಆ ಬೂದು ಬಳೆ ಫೋಕಸ್ ತಪ್ಪಿದ ನಕ್ಷತ್ರ, ನಡುವಿನ ತೂತು ಒಳಗಿನ ಚಿಕ್ಕ ಕನ್ನಡಿಯ ನೆರಳು. ಗುಂಡಿ ತಿರುಗಿಸುತ್ತಾ ಹೋದರೆ ಬಳೆ ಕಿರಿದಾಗಿ ಚುಕ್ಕೆಯಾಗುತ್ತದೆ. ದೊಡ್ಡದಾದರೆ ಎದುರು ದಿಕ್ಕಿಗೆ ತಿರುಗಿಸಿ.

ಉಳಿದ ಕತ್ತಲೆಗೆ ಕಾರಣಗಳು ಬೇರೆ. ಮೊದಲನೆಯದು ಮುಚ್ಚಳ. ಮುಂದಿನ ದೊಡ್ಡ ಮುಚ್ಚಳದಲ್ಲಿ ಅಂಗೈಗಿಂತ ಚಿಕ್ಕದಾದ ಇನ್ನೊಂದು ಮುಚ್ಚಳ ಇರುತ್ತದೆ. ಬಹಳ ಮಂದಿ ಅದೊಂದನ್ನೇ ತೆಗೆದು ನೋಡುತ್ತಾರೆ. ದೊಡ್ಡದನ್ನೇ ಪೂರ್ತಿ ತೆಗೆಯಬೇಕು. ಎರಡನೆಯದು ಅಡಾಪ್ಟರ್. ಫೋಕಸರ್‌ಗೆ ಒಂದೂಕಾಲು ಇಂಚಿಗೊಂದು, ಎರಡು ಇಂಚಿಗೊಂದು ಉಂಗುರ ಕೊಟ್ಟಿದ್ದರೆ ಎರಡನ್ನೂ ಒಂದರ ಮೇಲೊಂದು ಹಾಕಬೇಡಿ, ಐಪೀಸ್ ಹೊರಗೆ ಸರಿದು ಫೋಕಸ್ ಸಿಗುವುದೇ ಇಲ್ಲ. ಮೂರನೆಯದು ಬಾರ್ಲೋ. ಅದನ್ನು ಒಂದು ತಿಂಗಳು ಪೆಟ್ಟಿಗೆಯಲ್ಲೇ ಬಿಡಿ.

ಎಲ್ಲಕ್ಕಿಂತ ದೊಡ್ಡದು ಫೈಂಡರ್. ಗುರಿ ಹಿಡಿಯಲೆಂದು ಕೊಳವೆಯ ಬೆನ್ನ ಮೇಲಿರುವ ಆ ಪುಟ್ಟ ಕೆಂಪು ಚುಕ್ಕೆಯ ಸಾಧನ ಕಾರ್ಖಾನೆಯಿಂದ ಸರಿಹೊಂದಿ ಬರುವುದಿಲ್ಲ. ಅದನ್ನು ಹಗಲಲ್ಲೇ ಸರಿಮಾಡಿ:

1. 25 ಮಿ.ಮೀ. ಐಪೀಸ್ ಹಾಕಿ. ಸೂರ್ಯ ಬೆನ್ನಿಗಿರುವಂತೆ ನಿಂತು, ಕಡೇಪಕ್ಷ ಒಂದು ಕಿಲೋಮೀಟರ್ ಆಚೆಯ ಮೊಬೈಲ್ ಟವರ್ ತುದಿಯನ್ನು ಐಪೀಸ್‌ನ ನಟ್ಟನಡುವೆ ತನ್ನಿ. ಟವರ್ ತಲೆಕೆಳಗಾಗಿ ಕಾಣುತ್ತದೆ. ಕನ್ನಡಿಯ ದೂರದರ್ಶಕದ ಗುಣವೇ ಅದು.
2. ಕೊಳವೆ ಕದಲದಂತೆ ಬಿಗಿ ಮಾಡಿ, ಫೈಂಡರ್‌ನ ಎರಡು ತಿರುಪುಗಳಿಂದ ಕೆಂಪು ಚುಕ್ಕೆಯನ್ನು ಅದೇ ತುದಿಗೆ ತನ್ನಿ.
3. 10 ಮಿ.ಮೀ. ಐಪೀಸ್ ಹಾಕಿ ಇನ್ನೊಮ್ಮೆ ತಿದ್ದಿ.

ರಾತ್ರಿ ಮೊದಲು ಚಂದ್ರನಲ್ಲಿ ಪರೀಕ್ಷಿಸಿ. ಮುಗಿದ ಮೇಲೆ ಚುಕ್ಕೆ ಆರಿಸಲು ಮರೆಯಬೇಡಿ. ಸಾಮಾನ್ಯವಾಗಿ ಅದರಲ್ಲಿರುವುದು ನಾಣ್ಯದಂಥ ಸಿಆರ್2032 ಬ್ಯಾಟರಿ. ಎರಡು ಹೆಚ್ಚುವರಿ ತಂದಿಟ್ಟುಕೊಳ್ಳಿ.

ನಮ್ಮದು ಈಕ್ವಟೋರಿಯಲ್ ಮೌಂಟ್, ಆಕಾಶ ತಿರುಗಿದಂತೆ ಒಂದೇ ಅಕ್ಷದಲ್ಲಿ ತಿರುಗಿಸಬಹುದಾದ ಆಸರೆ. ಪುಸ್ತಿಕೆಯಲ್ಲಿ ಹೇಳಿದಂತೆ ಅಕ್ಷವನ್ನು ಧ್ರುವ ನಕ್ಷತ್ರಕ್ಕೆ ತಿರುಗಿಸಲು ಹೋದರೆ ತೂಕದ ಗುಂಡು ಟ್ರೈಪಾಡ್ ಕಾಲಿಗೆ ಬಡಿಯುತ್ತದೆ. ಧ್ರುವ ನಕ್ಷತ್ರವಂತೂ ತೋಟದ ಮರಗಳಿಂದ ಕಾಣುವುದೇ ಇಲ್ಲ. (ಸಿದ್ದಾಪುರ)

ಪುಸ್ತಿಕೆ ಬರೆದವರು 40, 50 ಡಿಗ್ರಿ ಅಕ್ಷಾಂಶದಲ್ಲಿ ಕೂತವರು. ಒಂದು ಊರಿನ ಅಕ್ಷಾಂಶ ಎಷ್ಟೋ ಅಲ್ಲಿ ಧ್ರುವ ಅಷ್ಟೇ ಡಿಗ್ರಿ ಎತ್ತರ. ಕೊಡಗಿನಲ್ಲಿ ಅದು 12 ಡಿಗ್ರಿ ಚಿಲ್ಲರೆ. ಕೈ ಮುಂದೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ದಿಗಂತದಿಂದ ಒಂದು ಮುಷ್ಟಿಗಿಂತ ತುಸು ಮೇಲೆ. ಬೆಟ್ಟ, ಮರ, ಮಂಜು ಎಲ್ಲ ಇರುವುದೂ ಅಲ್ಲೇ.

ಅಕ್ಷ ಅಷ್ಟು ಬಾಗಿದಾಗ ತೂಕದ ಸರಳು ಉತ್ತರದ ಕಡೆಗೆ ವಾಲಿ ನೇತಾಡುತ್ತದೆ. ಪುಸ್ತಿಕೆಯ ಪ್ರಕಾರ ಒಂದು ಕಾಲು ಉತ್ತರಕ್ಕಿಟ್ಟಿದ್ದರೆ ಗುಂಡು ಅದಕ್ಕೇ ಬಡಿಯುತ್ತದೆ. ಟ್ರೈಪಾಡನ್ನು 60 ಡಿಗ್ರಿ ತಿರುಗಿಸಿ, ಉತ್ತರ ದಿಕ್ಕು ಎರಡು ಕಾಲುಗಳ ನಡುವಿನ ಸಂದಿಗೆ ಬರುವಂತೆ ಇಡಿ. ಗುಂಡಿಗೆ ಜಾಗ ಸಿಗುತ್ತದೆ. ಇನ್ನೂ ತಾಗಿದರೆ ಗುಂಡನ್ನು ಸರಳಿನ ಮೇಲಕ್ಕೆ ಸರಿಸಿ. ಆಗ ಸಮತೋಲಕ್ಕೆ ಎರಡನೇ ಗುಂಡು ಬೇಕಾಗಬಹುದು.

ಧ್ರುವ ನಕ್ಷತ್ರ ಕಾಣಲೇಬೇಕೆಂದಿಲ್ಲ. ಮೌಂಟಿನ ಅಕ್ಷಾಂಶದ ಪಟ್ಟಿಯಲ್ಲಿ 12 ಇಟ್ಟು, ದಿಕ್ಸೂಚಿ ಹಿಡಿದು ಅಕ್ಷವನ್ನು ಉತ್ತರಕ್ಕೆ ತಿರುಗಿಸಿದರೆ ಕಣ್ಣಿನ ವೀಕ್ಷಣೆಗೆ ಬೇಕಾದಷ್ಟಾಯಿತು. ಇಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಎರಡು ಡಿಗ್ರಿಯಷ್ಟೂ ಅಂತರವಿಲ್ಲ. ದಿಕ್ಸೂಚಿಯನ್ನು ಉಕ್ಕಿನ ಕಾಲುಗಳಿಂದ ಎರಡು ಹೆಜ್ಜೆ ದೂರ ಹಿಡಿಯಿರಿ.

ಇದೆಲ್ಲ ರೇಜಿಗೆ ಎನಿಸಿದರೆ, ಹಲವು ಮೌಂಟ್‌ಗಳಲ್ಲಿ ಆ ಪಟ್ಟಿಯನ್ನು 90ಕ್ಕೆ ಎತ್ತಬಹುದು. ಆಗ ಅಕ್ಷ ನೆಟ್ಟಗೆ ನಿಂತು, ಒಂದು ಗುಂಡಿ ಎಡ-ಬಲಕ್ಕೆ, ಇನ್ನೊಂದು ಮೇಲೆ-ಕೆಳಗೆ ಎಂದಾಗುತ್ತದೆ. ಹೊಸಬರಿಗೆ ಇದೇ ಸಲೀಸು. ಕೊಡಗಿನಲ್ಲಿ ಮೊದಲ ಸಲ ಕೊಳ್ಳುವವರು ಈಕ್ವಟೋರಿಯಲ್ ಗೋಜಿಗೆ ಹೋಗದಿದ್ದರೆ ಏನೂ ನಷ್ಟವಿಲ್ಲ ಎಂದೇ ನಮ್ಮ ಅಭಿಪ್ರಾಯ.

ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಕಾಣುತ್ತದೆಯೇ? (ಕುಶಾಲನಗರ)

ಇಲ್ಲ. 130 ಮಿ.ಮೀ. ದೂರದರ್ಶಕ ಚಂದ್ರನ ಮೇಲೆ ಬಿಡಿಸಿ ತೋರಿಸಬಲ್ಲ ಅತಿ ಚಿಕ್ಕ ವಿವರ ಸುಮಾರು ಒಂದೂವರೆ ಕಿಲೋಮೀಟರಿನದು. 2023ರ ಆಗಸ್ಟ್ 23ರಂದು ವಿಕ್ರಮ್ ಇಳಿದ ಪ್ರದೇಶವನ್ನು, ಅಂದರೆ 69 ಡಿಗ್ರಿ ದಕ್ಷಿಣದ ಕುಳಿಗಳ ಕಾಡನ್ನು, ಅಂಚಿನಲ್ಲಿ ಓರೆಯಾಗಿ ನೋಡಬಹುದು. ಶುಕ್ಲ ಅಷ್ಟಮಿಯ ಆಸುಪಾಸು ನೋಡಿ. ಹುಣ್ಣಿಮೆಯಲ್ಲಿ ನೆರಳಿಲ್ಲದೆ ಕುಳಿಗಳೆಲ್ಲ ಚಪ್ಪಟೆ.

ಕಾಫಿ ಒಣಗಿಸುವ ಕಣದಲ್ಲಿ ಆಕಾಶ ಚೆನ್ನಾಗಿ ತೆರೆದಿದೆ ಎಂದು ಅಲ್ಲೇ ಇಡುತ್ತೇವೆ. ಆದರೆ ಗುರು ಗ್ರಹ ನೀರಿನಡಿ ಇದ್ದಂತೆ ಅಲುಗುತ್ತದೆ. (ಶನಿವಾರಸಂತೆ)

ಕಣದ ಸಿಮೆಂಟೇ ಕಾರಣ. ಹಗಲೆಲ್ಲ ಬಿಸಿಲು ಕುಡಿದ ನೆಲ ರಾತ್ರಿ ಗಂಟೆಗಟ್ಟಲೆ ಬಿಸಿ ಉಗುಳುತ್ತದೆ. ಮೇಲೇಳುವ ಬಿಸಿಗಾಳಿಯಲ್ಲಿ ಬೆಳಕು ಬಾಗಿ ಬಾಗಿ ಬರುತ್ತದೆ. ಹೆಂಚಿನ, ತಗಡಿನ ಮಾಡಿನ ಮೇಲಿಂದ ನೋಡಿದರೂ ಇದೇ ಪಾಡು. ದೂರದರ್ಶಕವನ್ನು ಕಣದ ಅಂಚಿನ ಮಣ್ಣಿಗೋ ಹುಲ್ಲಿಗೋ ಸರಿಸಿ, ನೋಡುವ ದಿಕ್ಕಿನಲ್ಲಿ ಕಣವಾಗಲಿ ಮನೆಯ ಮಾಡಾಗಲಿ ಬಾರದಂತೆ ನಿಲ್ಲಿ. ಕಣ ಬಿಟ್ಟರೆ ಬೇರೆ ಜಾಗವೇ ಇಲ್ಲವೆಂದರೆ ರಾತ್ರಿ ಹತ್ತರ ನಂತರ ನೋಡಿ.

ಕೊಳವೆಯೂ ತಣಿಯಬೇಕು. ಮನೆಯೊಳಗಿನಿಂದ ತಂದ 130 ಮಿ.ಮೀ. ಕನ್ನಡಿಗೆ ಅರ್ಧ ಗಂಟೆಯಾದರೂ ಕೊಡಿ. ನಿಮ್ಮ ಕಣ್ಣು ಕತ್ತಲಿಗೆ ಹೊಂದಲೂ ಅಷ್ಟೇ ಹೊತ್ತು ಬೇಕು. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಎರಡು ಸುತ್ತು ಕಟ್ಟಿಕೊಳ್ಳಿ. ಗದ್ದೆ ಬಯಲು ತೆರೆದಿದ್ದರೂ ಮಂಜು ಮೊದಲು ಇಳಿದು ಕೂರುವುದು ಅಲ್ಲೇ. ದಿಣ್ಣೆಯ ಮೇಲಿನ ಮನೆಯಂಗಳ ಮೇಲು. ಆನೆ ಓಡಾಡುವ ಕಡೆ ಮನೆಯಂಗಳ ದಾಟಿ ಹೋಗಲೇಬೇಡಿ. ಕೆಂಪು ಟಾರ್ಚಿನಲ್ಲಿ ನಿಮಗೆ ಆನೆ ಕಾಣುವುದಿಲ್ಲ.

ಕಳೆದ ಮಳೆಗಾಲ ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟಿದ್ದೆವು. ತೆಗೆದರೆ ಮಸೂರದ ಮೇಲೆ ಜೇಡರ ಬಲೆಯಂಥ ಎಳೆಗಳು. ಒರೆಸಬಹುದೇ? (ಭಾಗಮಂಡಲ)

ಅದು ಬೂಷ್ಟು. ಕೊಡಗಿನಲ್ಲಿ ದೂರದರ್ಶಕಗಳನ್ನು ಬಲಿ ತೆಗೆದುಕೊಳ್ಳುವುದರಲ್ಲಿ ಮೊದಲ ಸ್ಥಾನ ಇದಕ್ಕೇ. ಗಾಜಿನ ಮೇಲಿನ ಲೇಪನವನ್ನೇ ಅದರ ಆಮ್ಲ ತಿನ್ನುತ್ತದೆ. ಹೊಸದಾದರೆ ಒರೆಸಿದರೆ ಹೋಗುತ್ತದೆ, ಹಳೆಯದಾದರೆ ಎಳೆ ಹೋದರೂ ಗುರುತು ಉಳಿಯುತ್ತದೆ.

ಎಳೆಗಳು ಹೊರಮೈಯಲ್ಲಿದ್ದರೆ ಮೊದಲು ಗಾಳಿ ಊದುವ ರಬ್ಬರ್ ಬುರುಡೆಯಿಂದ ಧೂಳು ತೆಗೆಯಿರಿ. ಧೂಳಿದ್ದಾಗ ಒರೆಸಿದರೆ ಗೀರು ಖಂಡಿತ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸುವೇ ಅದ್ದಿದ ಹತ್ತಿಯನ್ನು ನಡುವಿನಿಂದ ಅಂಚಿಗೆ, ಒತ್ತದೆ ಎಳೆಯಿರಿ. ಪ್ರತಿ ಎಳೆತಕ್ಕೂ ಹೊಸ ಹತ್ತಿ. ಬಾಯಿಂದ ಊದಬೇಡಿ, ಪಂಚೆಯ ತುದಿಯಿಂದಂತೂ ಬೇಡವೇ ಬೇಡ. ಎಳೆಗಳು ಎರಡು ಮಸೂರಗಳ ನಡುವೆ ಇದ್ದರೆ ಬಿಚ್ಚಬೇಡಿ. ಮಸೂರಗಳು ಒಂದಕ್ಕೊಂದು ತಿರುಗಿದ ಕೋನ ಬದಲಾದರೂ ಚಿತ್ರ ಕೆಡಬಹುದು. ಅಂಚಿನಲ್ಲಿ ನಾಲ್ಕು ಎಳೆ ಇದ್ದರೆ ನೋಟಕ್ಕೆ ಅಷ್ಟೇನೂ ಅಡ್ಡಿಯಿಲ್ಲ. ಇನ್ನು, ಬೂಷ್ಟು ಸಾಯಲೆಂದು ಬಿಸಿಲಿಗೆ ಇಡುವವರಿದ್ದಾರೆ. ಮಸೂರ ಬಿಸಿಲನ್ನು ಒಟ್ಟುಗೂಡಿಸಿ ಬೆಂಕಿ ಹಚ್ಚಬಲ್ಲದು.

ಕನ್ನಡಿಯಾದರೆ ಬಟ್ಟಿ ಇಳಿಸಿದ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ ಅರ್ಧ ಗಂಟೆ ಮುಳುಗಿಸಿಡಿ. ಹತ್ತಿಯನ್ನು ಅದರ ಸ್ವಂತ ಭಾರದಲ್ಲೇ ಮೇಲೆ ಎಳೆದು, ಬಟ್ಟಿ ನೀರಿನಲ್ಲೇ ತೊಳೆದು, ಓರೆಯಾಗಿ ನಿಲ್ಲಿಸಿ ಒಣಗಿಸಿ. ನಡುವಿನ ಪುಟ್ಟ ಗುರುತು ಕನ್ನಡಿ ಹೊಂದಿಸಲು ಇರುವುದು, ಕೊಳೆಯೆಂದು ಕೀಳಬೇಡಿ.

ನಿಮ್ಮ ತಪ್ಪು ಎಲ್ಲಾಯಿತೆಂದರೆ ಆ ‘ಭದ್ರವಾಗಿ’ಯಲ್ಲೇ. ಇಬ್ಬನಿ ಹಿಡಿದ ಮಸೂರಕ್ಕೆ ಮುಚ್ಚಳ ಹಾಕಿ, ತೇವ ಹೀರುವ ಸ್ಪಂಜಿನ ಪೆಟ್ಟಿಗೆಯಲ್ಲಿಟ್ಟರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ. ನೋಡಿ ಮುಗಿದ ಮೇಲೆ ಒಳಗೆ ತಂದು, ಮುಚ್ಚಳ ತೆಗೆದು, ಕೊಳವೆಯ ಬಾಯಿ ಕೆಳಮುಖ ಮಾಡಿ ಒಂದೆರಡು ಗಂಟೆ ಒಣಗಲು ಬಿಡಿ. ಆಮೇಲೆ ಮುಚ್ಚಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಐಪೀಸ್‌ಗಳನ್ನು ರಬ್ಬರ್ ಅಂಚಿನ ಗಾಳಿಯಾಡದ ಅಡುಗೆ ಡಬ್ಬಿಯಲ್ಲಿ 100 ಗ್ರಾಂ ಸಿಲಿಕಾ ಜೆಲ್ ಜೊತೆ ಇಡಿ. ಕೊಳವೆಗೆ ಮುಚ್ಚಳ ಬಿಗಿಯಾಗುವ ಪ್ಲಾಸ್ಟಿಕ್ ಡ್ರಮ್ ಚೆನ್ನ, ಅರ್ಧ ಕಿಲೋ ಜೆಲ್ ಹಾಕಿ. ಒಳಗೊಂದು ಚಿಕ್ಕ ತೇವಮಾಪಕ ಇರಲಿ. ಅದು 40ರಿಂದ 50 ಶೇಕಡ ತೋರಿಸಬೇಕು, 60 ದಾಟಿದರೆ ಜೆಲ್ ತೆಗೆದು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ಮೂಲ ಬಣ್ಣ ಬರುವವರೆಗೆ ಬಿಸಿ ಮಾಡಿ. ನೀಲಿ ಜೆಲ್‌ನಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ, ಕಿತ್ತಳೆ ಬಣ್ಣದ್ದು ತನ್ನಿ. ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ಬೀರುವಿನಲ್ಲಿ ಬಲ್ಬ್ ಉರಿಸಿಡುವ ಹಳೆಯ ಉಪಾಯ ಈಗಲೂ ಸರಿಯೇ, ಆದರೆ ಬಿಸಿಯಾಗುವ ಹಳೇ ತಂತಿಯ ಜೀರೋ ಬಲ್ಬ್ ಬೇಕು, ಎಲ್‌ಇಡಿಯಿಂದ ಉಪಯೋಗವಿಲ್ಲ. ಒಲೆಯ ಮೇಲಿನ ಅಟ್ಟವೂ ಒಣಗಿರುತ್ತದೆ ನಿಜ, ಆದರೆ ಅಲ್ಲಿ ಹೊಗೆಯ ಜಿಡ್ಡು ಗಾಜಿಗೆ ಅಂಟುತ್ತದೆ.

ಚಳಿಗಾಲದ ಇಬ್ಬನಿಗೆ ಯೋಗ ಚಾಪೆಯ ತುಂಡೊಂದನ್ನು ಕೊಳವೆಯ ಬಾಯಿಗೆ ಸುತ್ತಿ ಕಟ್ಟಿ. ಬಾಯಿಯಿಂದ ಮುಂದಕ್ಕೆ ವ್ಯಾಸದ ಒಂದೂವರೆ ಪಟ್ಟು ಚಾಚಿರಲಿ. 130ಕ್ಕೆ 20 ಸೆಂ.ಮೀ. ಆಯಿತು.

ಮಳೆ ಕಳೆದ ಮೇಲೆ ಯಾವಾಗ ಏನು ನೋಡಬೇಕು? (ಗೋಣಿಕೊಪ್ಪಲು)

ನಿಮ್ಮ ಹಂಗಾಮು ಮಳೆ ಬಿಟ್ಟ ಅಕ್ಟೋಬರ್ ಕೊನೆಯಿಂದ, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯವರೆಗೆ. ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಯ ಹುಣ್ಣಿಮೆಯಂದು ಚಂದ್ರನ ಹತ್ತಿರ ಕೆಂಪಗೆ ಮಿನುಗುವುದೇ ರೋಹಿಣಿ. ಕದಿರು ತೆಗೆಯುವ ಮುಹೂರ್ತಕ್ಕೆ ನೋಡುವ ನಕ್ಷತ್ರ ಅದೇ. ಆ ರಾತ್ರಿ ದೂರದರ್ಶಕಕ್ಕೆ ಕೆಲಸವಿಲ್ಲ, ಬೆಳಕು ವಿಪರೀತ. ಒಂದು ವಾರ ಬಿಟ್ಟು ರೋಹಿಣಿಯ ಪಕ್ಕದ ಕೃತ್ತಿಕೆಗೆ 25 ಮಿ.ಮೀ. ಐಪೀಸ್ ತಿರುಗಿಸಿ. ಬರಿಗಣ್ಣಿಗೆ ಆರೇಳು ಕಾಣುವಲ್ಲಿ ಹತ್ತಾರು ನೀಲಿಬಿಳಿ ಚುಕ್ಕೆಗಳು. ಹೆಚ್ಚು ವರ್ಧನೆ ಹಾಕಿದರೆ ಗುಂಪು ಚೌಕಟ್ಟಿನಾಚೆ ಹೋಗಿ ಅಂದವೇ ಕೆಡುತ್ತದೆ.

ಜನವರಿಯಲ್ಲಿ ಮಹಾವ್ಯಾಧನ (ಓರಿಯನ್) ಸೊಂಟಪಟ್ಟಿಯ ಕೆಳಗೆ ನೇತಾಡುವ ಕತ್ತಿಯ ನಡುವಿನ ಮಸುಕು ಚುಕ್ಕೆ ನೋಡಿ. ಅದು ನಕ್ಷತ್ರಗಳು ಹುಟ್ಟುತ್ತಿರುವ ನೀಹಾರಿಕೆ. 65 ಪಟ್ಟಿನಲ್ಲಿ ಅದರ ಎದೆಯೊಳಗೆ ನಾಲ್ಕು ನಕ್ಷತ್ರಗಳ ಪುಟ್ಟ ಚೌಕ ಬಿಡಿಸಿಕೊಳ್ಳುತ್ತದೆ. ಫೋಟೊಗಳ ಗುಲಾಬಿ ಬಣ್ಣ ನಿರೀಕ್ಷಿಸಬೇಡಿ, ಕಣ್ಣಿಗೆ ಅದು ಬೂದು, ಹೆಚ್ಚೆಂದರೆ ತುಸು ಹಸಿರು. ನೇರ ನೋಡದೆ ದೃಷ್ಟಿಯನ್ನು ಪಕ್ಕಕ್ಕೆ ಸರಿಸಿದರೆ ರೆಕ್ಕೆಗಳು ಹರಡಿಕೊಳ್ಳುತ್ತವೆ.

ಫೆಬ್ರವರಿ ನಡುವೆ ರಾತ್ರಿ ಒಂಬತ್ತರ ಹೊತ್ತಿಗೆ ನೇರ ದಕ್ಷಿಣಕ್ಕೆ, ಎರಡೂವರೆ ಮುಷ್ಟಿ ಎತ್ತರದಲ್ಲಿ ಅಗಸ್ತ್ಯ. ಕಾವೇರಿಯನ್ನು ಕಮಂಡಲದಲ್ಲಿಟ್ಟುಕೊಂಡ ಋಷಿಯ ಹೆಸರಿನದು, ಇಡೀ ರಾತ್ರಿಯಾಕಾಶದ ನಕ್ಷತ್ರಗಳಲ್ಲಿ ಹೊಳಪಿನಲ್ಲಿ ಎರಡನೆಯದು. ಲಂಡನ್ನಿನವರಿಗೆ ಅದು ಎಂದೂ ಕಾಣುವುದಿಲ್ಲ. ಏಪ್ರಿಲ್ ಕೊನೆಯಲ್ಲಿ, ಸಂಜೆಯ ಗುಡುಗುಮಳೆ ಆಕಾಶ ತೊಳೆದುಕೊಟ್ಟ ರಾತ್ರಿ ಸಿಕ್ಕರೆ, ಹನ್ನೊಂದರ ಸುಮಾರಿಗೆ ದಕ್ಷಿಣದಲ್ಲಿ ಮೂರು ಮುಷ್ಟಿ ಎತ್ತರದಲ್ಲಿ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಹುಡುಕಿ. 130 ಮಿ.ಮೀ.ನಲ್ಲಿ ಅದು ರವೆ ಚೆಲ್ಲಿದಂತೆ. ದೇಶದ ದೊಡ್ಡ ದೂರದರ್ಶಕಗಳಲ್ಲೊಂದಾದ 2.34 ಮೀಟರಿನದು ಇರುವ ತಮಿಳುನಾಡಿನ ಕಾವಲೂರು ಹೆಚ್ಚುಕಡಿಮೆ ನಿಮ್ಮದೇ ಅಕ್ಷಾಂಶದಲ್ಲಿದೆ. ದಕ್ಷಿಣದ ಆಕಾಶ ಇಷ್ಟು ಚೆನ್ನಾಗಿ ಸಿಗುವುದು ಅದಕ್ಕೇ.

ಆ ತಿಂಗಳಲ್ಲೇ ಉತ್ತರಕ್ಕೆ ತಿರುಗಿದರೆ ಸಪ್ತರ್ಷಿಗಳ ಬಾಲದ ನಡುವೆ ವಸಿಷ್ಠ-ಅರುಂಧತಿ. ಮದುವೆಯಲ್ಲಿ ತೋರಿಸುವ ಜೋಡಿಯನ್ನು ಎಲ್ಲರೂ ಬಲ್ಲರು. 65 ಪಟ್ಟಿನಲ್ಲಿ ನೋಡಿ, ವಸಿಷ್ಠನೇ ಎರಡಾಗುತ್ತಾನೆ.

ಗ್ರಹಗಳು ವರ್ಷವರ್ಷಕ್ಕೆ ಜಾಗ ಬದಲಿಸುತ್ತವೆ. ಶನಿ 2026ರ ಅಕ್ಟೋಬರ್‌ನಲ್ಲಿ, ಗುರು 2027ರ ಫೆಬ್ರವರಿಯಲ್ಲಿ ಆಕಾಶದಲ್ಲಿ ಸೂರ್ಯನಿಗೆ ಎದುರು ದಿಕ್ಕಿಗೆ ಬಂದು ರಾತ್ರಿಯಿಡೀ ಕಾಣುತ್ತವೆ. ಶನಿಯ ಬಳೆ 2025ರ ಮಾರ್ಚ್‌ನಲ್ಲಿ ನಮಗೆ ಅಂಚು ತಿರುಗಿಸಿ ಗೆರೆಯಷ್ಟೇ ಆಗಿತ್ತು. ಅಲ್ಲಿಂದ ವರ್ಷ ಕಳೆದಂತೆ ತೆರೆದುಕೊಳ್ಳುತ್ತಿದೆ.

ಜೊತೆಗೆ ಬಂದ ಐಪೀಸ್‌ಗೆ ತಿರುಪುವ ಕಪ್ಪು ಗಾಜಿನಿಂದ ಸೂರ್ಯನನ್ನು ನೋಡಬಹುದೇ? (ಕುಟ್ಟ)

ಕೂಡದು. ಆ ಗಾಜನ್ನು ಇಂದೇ ಒಡೆದು ಎಸೆಯಿರಿ. ದೂರದರ್ಶಕ ಕೂಡಿಸಿದ ಅಷ್ಟೂ ಬಿಸಿ ಸೇರುವ ಜಾಗದಲ್ಲಿ ಅದು ಕೂತಿರುತ್ತದೆ, ಫಟ್ಟನೆ ಸೀಳಿದರೆ ಕಣ್ಣು ಮುಚ್ಚಲೂ ಸಮಯ ಸಿಗದು. ಸೂರ್ಯನಿಗೆಂದೇ ಮಾಡಿದ ಫಿಲ್ಟರ್ ಕೊಳವೆಯ ಮುಂಬಾಯಿಗೆ, ಪೂರ್ತಿ ಮುಚ್ಚುವಂತೆ ಇರಬೇಕು. ಗಾಳಿಗೆ ಹಾರದಂತೆ ಟೇಪ್ ಹಚ್ಚಿ, ಫೈಂಡರ್ ಬಿಚ್ಚಿಡಿ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ಕುಟ್ಟದವರಿಗೆ ನೆನಪಿದ್ದೀತು. 2031ರ ಮೇ 21ರ ಕಂಕಣದ ದಾರಿ ಕೇರಳ, ತಮಿಳುನಾಡಿನ ಮೇಲೆ, ಕೊಡಗಿನಲ್ಲಿ ಪಾರ್ಶ್ವ ಗ್ರಹಣವಾಗಿ ಕಾಣುತ್ತದೆ.

ಮೊಬೈಲಿನಲ್ಲಿ ಚಂದ್ರನ ಚಿತ್ರ ತೆಗೆದರೆ ಬಿಳಿ ತಟ್ಟೆಯಂತೆ ಬರುತ್ತದೆ. (ಸುಂಟಿಕೊಪ್ಪ)

ಸುತ್ತಲ ಕಪ್ಪನ್ನು ನೋಡಿ ಫೋನ್ ಬೆಳಕು ಹೆಚ್ಚಿಸಿಕೊಳ್ಳುತ್ತದೆ. ಪರದೆಯ ಮೇಲೆ ಚಂದ್ರನನ್ನು ಒತ್ತಿ ಹಿಡಿದು, ಬರುವ ಸೂರ್ಯನ ಗುರುತನ್ನು ಕುಳಿಗಳು ಮೂಡುವವರೆಗೆ ಕೆಳಗೆ ಎಳೆಯಿರಿ. 25 ಮಿ.ಮೀ. ಐಪೀಸೇ ಇರಲಿ. ಕೈಯಲ್ಲಿ ಹಿಡಿಯುವ ಬದಲು ಐಪೀಸ್‌ಗೆ ಕಚ್ಚುವ ಫೋನ್ ಹೋಲ್ಡರ್ ಹಾಕಿ, ಎರಡು ಸೆಕೆಂಡ್ ಟೈಮರ್ ಇಡಿ. ಬೆರಳು ತಾಗಿದ ನಡುಕ ಅಷ್ಟರಲ್ಲಿ ನಿಂತಿರುತ್ತದೆ, ಟ್ರೈಪಾಡ್ ಗಟ್ಟಿಯಿದ್ದರೆ.